ಕೊಟ್ಟಿಗೆವ್ವನ ಎಡೆ

ನಮ್ಮದು ಕೊಳ್ಳೆಮನೆ. ಬೆಟ್ಟದಪುರದ ಸುತ್ತಮುತ್ತ ಯಾರನ್ನು ಬೇಕಾದರೂ ಕೇಳಿ, ಕೊಳ್ಳೆಮನೆ ಎಂದರೆ ಸಾಕು, ಕೈ ಮಾಡಿ ದಾರಿ ತೋರಿಸುತ್ತಾರೆ. ಊರಲ್ಲಿ ಒಂದು ಪಟೇಲರ ಮನೆ ಇತ್ತು, ಒಂದು ಪೂಜಾರಪ್ಪನ ಮನೆ ಇತ್ತು, ನಮ್ಮದಕ್ಕೆ ಮಾತ್ರ ಈ ಹೆಸರು. ನಮ್ಮ ಹಿರಿಯನೊಬ್ಬ ಯಾವುದೋ ಕಾಲದಲ್ಲಿ ಯಾವನೋ ರಾಜನ ದಂಡಿನ ಜೊತೆ ಹೋಗಿ, ಯಾರದೋ ಊರನ್ನು ಸೂರೆ ಹೊಡೆದು ಬಂದನಂತೆ. ರಾಜ ಯಾರು, ಊರು ಯಾವುದು, ಯಾರಿಗೂ ಗೊತ್ತಿಲ್ಲ. ಕೊಡಗಿನ ಕಡೆಯದು ಎಂದು ಒಬ್ಬರು, ಅಲ್ಲ, ಚುಂಚನಕಟ್ಟೆ ಕಡೆಯ ಹೊಳೆಸಾಲಿನದು ಎಂದು ಇನ್ನೊಬ್ಬರು. ನನ್ನ ತಮ್ಮನ ಮಕ್ಕಳಿಗೆ ಈಗ ಈ ಹೆಸರು ಹೇಳಿಕೊಳ್ಳಲು ನಾಚಿಕೆ. ಮೊನ್ನೆ ಮದುವೆ ಕಾಗದದಲ್ಲಿ 'ತೊಟ್ಟಿಮನೆ ಕುಟುಂಬದವರು' ಎಂದು ಅಚ್ಚು ಹಾಕಿಸಿದ್ದರು. ಥೂ ನಿಮ್ಮ, ಎಂದು ಬೈದೆ. ನಾನು ಕೇಳಿದವರಿಗೂ ಕೇಳದವರಿಗೂ ಕೊಳ್ಳೆಮನೆಯ ಹೆಣ್ಣುಮಗಳು ಎಂದೇ ಹೇಳುತ್ತೇನೆ. ತಾತನೂ ಹಾಗೇ ಹೇಳುತ್ತಿದ್ದ, ಮೀಸೆ ತಿರುವಿಕೊಂಡು, ಕೊಳ್ಳೆ ಹೊಡೆದವನ ವಂಶ ಎಂಬ ಅರ್ಥದಲ್ಲಿ. ನಾನು ಹೇಳುವುದು ಆ ಅರ್ಥದಲ್ಲಿ ಅಲ್ಲ. ಆ ಕೊಳ್ಳೆಯಲ್ಲಿ ದನಗಳ ಜೊತೆ ಒಬ್ಬ ಹೆಂಗಸನ್ನೂ ಹೊಡೆದುಕೊಂಡು ಬಂದಿದ್ದರು. ನಾನು ಅವಳ ವಂಶ.

ಮನೆಯ ನಡುವೆ ಆಕಾಶ ಕಾಣುವ ತೊಟ್ಟಿ, ಅದರ ಸುತ್ತ ಪಡಸಾಲೆ, ಒಂದು ಬದಿಗೆ ಹಗಲಲ್ಲೂ ಕತ್ತಲೆ ಕವಿದ ನಡುಮನೆ, ಇನ್ನೊಂದು ಬದಿಗೆ ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಕೊಟ್ಟಿಗೆ. ಹೊಲದ ಅಂಚಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಇತ್ತು. ಮಾರ್ನಮಿ ಹತ್ತಿರ ಬರುವ ಹೊತ್ತಿಗೆ ಅಪ್ಪ, ಚಿಕ್ಕಪ್ಪ ಇಬ್ಬರೂ ಅದರ ಬೆಂಕಿ ಕಾಯುತ್ತಾ ಅಲ್ಲೇ ಇರುತ್ತಿದ್ದರು. ಹೆಂಗಸರು ಮಕ್ಕಳೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ಅದರ ಅಂಟು ಕೈಗೆ ಹತ್ತಿ ಕಪ್ಪಾಗಿ, ಎಷ್ಟು ತೊಳೆದರೂ ಹೋಗದೆ, ಅನ್ನ ಕಲೆಸಿದರೆ ಅನ್ನವೂ ಕಹಿ. ಅವ್ವ ಹುಣಸೆಹಣ್ಣು ಕೊಟ್ಟು ಕೈ ತಿಕ್ಕಿಕೊಳ್ಳಿ ಎನ್ನುತ್ತಿದ್ದಳು. ಅದೇ ಹುಣಸೆಹಣ್ಣಿನಲ್ಲಿ ಒಂದು ಕಂಚಿನ ಹರಿವಾಣವನ್ನೂ ಒಂದು ಈಟಿಯ ಮೊನೆಯನ್ನೂ ಬೆಳಗುವುದು ನನ್ನ ಕೆಲಸ. ಹರಿವಾಣ ಆ ಕೊಳ್ಳೆಯಲ್ಲಿ ಬಂದ ಮಾಲು, ಈಟಿ ಆ ಹಿರಿಯ ಹಿಡಿದು ಹೋದದ್ದು. ತಾತ ಪಕ್ಕದಲ್ಲಿ ಕೂತು, ಬೆಳಗಿದ ಹರಿವಾಣವನ್ನು ಬೆರಳಿಂದ ಸವರಿ ನೋಡಿ ಹೇಳುತ್ತಿದ್ದ:

"ಬೇಡಿ ತಂದಿದ್ದಲ್ಲ ಕಣಮ್ಮಿ ಇದು. ಗೆದ್ದು ತಂದಿದ್ದು. ಚೆನ್ನಾಗ್ ತಿಕ್ಕು."

ಮಾರ್ನಮಿ ಅಮಾವಾಸ್ಯೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ನಡುಮನೆಯನ್ನು ಸಾರಿಸಿ, ಸತ್ತುಹೋದವರಿಗೆಲ್ಲ ಬಾಳೆಯೆಲೆ ಹಾಕಿ, ಹೊಸ ಪಂಚೆ ಹೊಸ ಸೀರೆ ಇಟ್ಟು, ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತಿದ್ದರು. ಬಾಡಿನ ಸಾರು, ವಡೆ, ಕಜ್ಜಾಯ, ಗಸಗಸೆ ಪಾಯಸ, ಮುತ್ತಾತನಿಗೆ ಒಂದು ಲೋಟ ಹೆಂಡ. ಆದರೆ ಒಂದು ಎಲೆ ಮಾತ್ರ ನಡುಮನೆಗೆ ಬರುತ್ತಿರಲಿಲ್ಲ. ಅದನ್ನು ಕೊಟ್ಟಿಗೆಯಲ್ಲಿ, ದನ ಕಟ್ಟುವ ಗೊಂತಿನ ಪಕ್ಕ, ನೆಲ ಸಾರಿಸಿ ಇಡುತ್ತಿದ್ದರು. ಅದು ಕೊಟ್ಟಿಗೆವ್ವನ ಎಲೆ. ಅವಳ ಹೆಸರೇನಿತ್ತೋ, ಯಾರೂ ಉಳಿಸಿಕೊಳ್ಳಲಿಲ್ಲ. ತಂದ ಮೊದಲ ದಿನ ಅವಳನ್ನು ದನಗಳ ಜೊತೆ ಕೊಟ್ಟಿಗೆಯಲ್ಲಿ ಕಟ್ಟಿದ್ದರಂತೆ, ಹಾಗಾಗಿ ಕೊಟ್ಟಿಗೆವ್ವ. ಆ ಹಿರಿಯನಿಗೆ ಕೈಹಿಡಿದ ಹೆಂಡತಿಯಲ್ಲಿ ಮಕ್ಕಳಾಗಲಿಲ್ಲ. ಮಕ್ಕಳಾದದ್ದು ಇವಳಲ್ಲಿ. ಅಂದರೆ ನಡುಮನೆಯಲ್ಲಿ ಸಾಲಾಗಿ ಕೂತು ಉಣ್ಣುವ ಹಿರಿಯರೆಲ್ಲ ಇವಳ ಹೊಟ್ಟೆಯಲ್ಲಿ ಹುಟ್ಟಿದವರೇ! ಮಕ್ಕಳು ಮೊಮ್ಮಕ್ಕಳಿಗೆ ನಡುಮನೆ, ಹೆತ್ತವಳಿಗೆ ಸಗಣಿಯ ಪಕ್ಕ. ಅದೂ ಸಾಲದೆಂದು, ಅವಳ ಎಲೆಗೆ ಉಪ್ಪಿಲ್ಲ. ಅಜ್ಜಿ ಪ್ರತಿ ಪಾತ್ರೆಗೂ ಉಪ್ಪು ಹಾಕುವ ಮುಂಚೆ ಒಂದೊಂದು ಸೌಟು ತೆಗೆದು ಬೇರೆ ಇಡುತ್ತಿದ್ದಳು. ಬೇರೆ ಹಿರಿಯರ ಎಡೆಯನ್ನು ಆಮೇಲೆ ನಾವೆಲ್ಲ ಹಂಚಿಕೊಂಡು ತಿನ್ನುತ್ತಿದ್ದೆವು, ಇದನ್ನು ಮಾತ್ರ ಹಸುವಿನ ಬಾಯಿಗೆ ಕೊಡುತ್ತಿದ್ದರು. ಅಂದು ಬೆಳಿಗ್ಗೆಯಿಂದ ಗಂಡಸರು ಕೊಟ್ಟಿಗೆಗೆ ಕಾಲಿಡುವ ಹಾಗಿರಲಿಲ್ಲ, ಅದೂ ಒಂದು ಪದ್ಧತಿ. ಯಾಕೆ ಉಪ್ಪಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ ಚಿಕ್ಕಪ್ಪ ನಕ್ಕ.

"ಕೊಳ್ಳೇಲಿ ಬಂದೋಳ್ಗೆ ನಮ್ಮನೆ ಉಪ್ಪಿನ ಋಣ ಎಲ್ಲಮ್ಮಿ?"

ಆಗ ನನಗೆ ಬೆಟ್ಟದಪುರದ ಮಿಡ್ಲ್ ಸ್ಕೂಲಿಗೆ ಹೋಗುವ ವಯಸ್ಸು. ತಾತನಿಗೆ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಹೆಣ್ಣೋ ಗಂಡೋ ಎಂಬಷ್ಟೇ ಕಾಣುತ್ತಿತ್ತು. ಆದರೆ ಅವನ ಪ್ರಾಣವೆಲ್ಲ ಒಂದು ದಪ್ಪ ಪುರಾಣದ ಪುಸ್ತಕದಲ್ಲಿತ್ತು. ಮನೆಯಲ್ಲಿ ಅದನ್ನು ದೊಡ್ಡಪುಸ್ತಕ ಎನ್ನುತ್ತಿದ್ದೆವು. ರಟ್ಟು ಕಿತ್ತು ಹೋಗಿ, ಅದಕ್ಕೆ ಹಳೆಯ ಸೀರೆಯ ಬಟ್ಟೆ ಹೊಲಿದಿದ್ದರು. ಪಿತೃಪಕ್ಷ ಬಂತೆಂದರೆ ದಿನಾ ಇಳಿಹೊತ್ತಿಗೆ ಯುದ್ಧದ ಭಾಗ ಓದಿಸುವುದು ತಾತನ ಪದ್ಧತಿ, ಓದುವವಳು ನಾನು. ಚಿಕ್ಕಪ್ಪ ಓದಿದರೆ ಎತ್ತು ಹೊಡೆದ ಹಾಗಿರುತ್ತದೆ ಎಂದು ತಾತನೇ ಹೇಳುತ್ತಿದ್ದ. ಅಕ್ಕಪಕ್ಕದವರು ಬಂದು ಕೂರುತ್ತಿದ್ದರು. ಬೆಟ್ಟದಪುರದಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಗುರಪ್ಪನವರು ಸೈಕಲ್ಲು ತುಳಿದುಕೊಂಡು ಬರುತ್ತಿದ್ದರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ನಾನು ಕಂಬಕ್ಕೆ ಒರಗಿ ಓದುತ್ತಿದ್ದರೆ ಹೆಂಗಸರೂ ಸೊಪ್ಪು ಕಟ್ಟುತ್ತಲೇ ಕಿವಿಗೊಡುತ್ತಿದ್ದರು. ನಿಜ ಹೇಳುತ್ತೇನೆ, ಆ ವಯಸ್ಸಿನಲ್ಲಿ ಅಷ್ಟು ಜನ ನನ್ನ ಬಾಯಿ ನೋಡುತ್ತಾ ಕೂರುವುದೆಂದರೆ ನನಗೆ ಬಲು ಜಂಬ. ಆ ಜಾಗ ಬಿಟ್ಟುಕೊಡಲು ಯಾರು ಕೇಳಿದರೂ ಒಪ್ಪುತ್ತಿರಲಿಲ್ಲ.

ಆ ವರ್ಷ ಓದುತ್ತಾ ಓದುತ್ತಾ ರಾಜಧರ್ಮದ ಒಂದು ಮಾತು ಬಂತು. ಯುದ್ಧದಲ್ಲಿ ಯಾರು ಏನು ಗೆಲ್ಲುತ್ತಾರೋ ಅದು ಅವರದೇ ಎಂದು. ಏನೇನು ಎಂದು ಹೆಸರೂ ಹೇಳಿತ್ತು: ರಥ, ಕುದುರೆ, ಆನೆ, ಕೊಡೆ, ಧಾನ್ಯ, ದನ, ಹೆಂಗಸು. ನಾನು ಅಲ್ಲಿಗೆ ನಿಲ್ಲಿಸಿದೆ. ದನದ ಪಕ್ಕಕ್ಕೇ ಹೆಂಗಸು. ಬರೆದವನು ಒಂದು ಉಸಿರೂ ಬಿಟ್ಟಿರಲಿಲ್ಲ. ನನಗೆ ನಮ್ಮ ಕೊಟ್ಟಿಗೆ ಕಣ್ಣ ಮುಂದೆ ಬಂತು. ತಾತ ಮಾತ್ರ ತೊಡೆ ತಟ್ಟಿದ.

"ಕೇಳಿದ್ರಾ ಗುರಪ್ಪೋರೆ? ಶಾಸ್ತ್ರವೇ ಹೇಳ್ತದೆ. ನಮ್ಮ ಹಿರೀಕ ಮಾಡಿದ್ದು ತಪ್ಪಲ್ಲ. ಗೆದ್ದ, ತಂದ."

"ತಾತ, ಹೆಂಗಸೂ ದನಾನೂ ಒಂದೇಯಾ?" ಎಂದೆ.

"ಯುದ್ಧದಲ್ಲಿ ಒಂದೇ ಕಣಮ್ಮಿ."

"ಹಂಗಾದ್ರೆ ಕೆರೆ ಏರಿ ಮೇಲೆ ವೀರಗಲ್ಲು ಅದೆಯಲ್ಲ, ಅದರಲ್ಲಿರೋನು ದನ ಹೊಡಿಯೋಕೆ ಹೋದೋನಾ?"

ಈ ಪ್ರಶ್ನೆ ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು. ಕೆರೆ ಏರಿಯ ಮೇಲಿನ ಕಲ್ಲಿಗೆ ಎಣ್ಣೆ ಹಚ್ಚಲು ಅವ್ವನ ಜೊತೆ ಹೋಗುತ್ತಿದ್ದೆ. ಅದರಲ್ಲಿ ದನಗಳ ಸಾಲು, ಅವುಗಳ ಮುಂದೆ ಕತ್ತಿ ಹಿಡಿದು ಅಡ್ಡ ನಿಂತ ಒಬ್ಬ ಗಂಡಸು. ಅವನು ಊರಿನ ದನ ಉಳಿಸಲು ಹೋಗಿ ಸತ್ತವನು ಎಂದು ಎಲ್ಲರಿಗೂ ಗೊತ್ತು. ಗುರಪ್ಪನವರು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ನಾನು ಬಿಡಲಿಲ್ಲ.

"ದನ ಹೊಡ್ಕೊಂಡು ಹೋದೋನಿಗೆ ಎಲ್ಲಾದ್ರೂ ಕಲ್ಲು ನೆಟ್ಟಿರೋದು ನೋಡಿದ್ದೀಯಾ ತಾತ? ತಡೆದೋನಿಗೆ ತಾನೇ ನೆಡೋದು?"

"ಮುಚ್ಚು ಬಾಯಿ. ಮುಂದಕ್ಕೆ ಓದು."

ಅವ್ವ ಕಣ್ಣಲ್ಲೇ ಗದರಿದಳು. ಮಾತು ಮನೆ ಕೆಡಿಸ್ತು ತೂತು ಒಲೆ ಕೆಡಿಸ್ತು ಎಂದು ಆಮೇಲೆ ಅಡುಗೆಮನೆಯಲ್ಲಿ ಬೈದದ್ದೂ ಆಯಿತು. ಕೆಡಲಿ ಎಂದೆ. ಮರುದಿನ ಸ್ಕೂಲಿಂದ ಬಂದವಳೇ ಪುಸ್ತಕ ತೆಗೆದುಕೊಂಡು ಹೋಗಿ ಹುಲ್ಲಿನ ಮೆದೆಯ ಹಿಂದೆ ಕೂತೆ. ಯುದ್ಧ ಮುಗಿದ ಮೇಲೆ ಹಿರಿಯನೊಬ್ಬ ರಾಜನಿಗೆ ನೀತಿ ಹೇಳುವ ಭಾಗ ಪುಸ್ತಕದ ಕೊನೆಗಿತ್ತು. ಅದು ಬರೀ ಬೋಧನೆ, ನಿದ್ದೆ ಬರುತ್ತದೆ ಎಂದು ತಾತ ಯಾವತ್ತೂ ಓದಿಸಿರಲಿಲ್ಲ. ಗೆದ್ದವನು ಹೇಗಿರಬೇಕು ಎಂದು ಹೇಳಬೇಕಾದರೆ ಅದು ಯುದ್ಧ ಮುಗಿದ ಮೇಲೆ ತಾನೇ ಇರಬೇಕು ಎಂಬುದು ನನ್ನ ಲೆಕ್ಕ. ಪುಟ ತಿರುವಿದೆ, ತಿರುವಿದೆ, ಹೊಟ್ಟೆ ಹಸಿಯುವವರೆಗೂ ತಿರುವಿದೆ. ಸಿಕ್ಕಿತು! ಬಲವಂತವಾಗಿ ಗೆದ್ದು ತಂದ ಹೆಣ್ಣನ್ನು ಒಂದು ವರ್ಷ ಏನೂ ಕೇಳಕೂಡದು, ಮುಟ್ಟಕೂಡದು. ವರ್ಷ ಕಳೆದ ಮೇಲೆ ನಿನ್ನ ಮನಸ್ಸೇನು ಎಂದು ಅವಳನ್ನೇ ಕೇಳಬೇಕು. ಇರಲಾರೆ ಎಂದರೆ ಕಳಿಸಿಕೊಡಬೇಕು. ಕಿತ್ತು ತಂದ ಬೇರೆ ಒಡವೆಗೂ ಇದೇ ನೀತಿ ಎಂದಿತ್ತು. ಮೆದೆಯ ಹಿಂದೆ ಒಬ್ಬಳೇ ಕುಣಿದುಬಿಟ್ಟೆ.

ಅವತ್ತು ಇಳಿಹೊತ್ತಿಗೆ ಎಲ್ಲರೂ ಬಂದು ಕೂತ ಮೇಲೆ, ನಿನ್ನೆ ಬಿಟ್ಟ ಜಾಗದಿಂದ ಓದದೆ ಇದನ್ನೇ ಓದಿದೆ. ಗಂಟಲು ಹರಿಯುವ ಹಾಗೆ ಓದಿದೆ. ಪಡಸಾಲೆಯಲ್ಲಿ ಸೊಪ್ಪು ಕಟ್ಟುತ್ತಿದ್ದ ಕೈಗಳೆಲ್ಲ ನಿಂತವು. ಗುರಪ್ಪನವರು ತೊಟ್ಟಿಯ ಮೂಲೆಗೆ ಹೋಗಿ ಎಲೆಅಡಿಕೆ ಉಗಿದು ಬಂದು, ಮೆತ್ತಗೆ ಕೇಳಿದರು:

"ಅಲ್ರೀ ಗೌಡ್ರೇ, ನಿಮ್ಮ ಹಿರಿಯರು ಒಂದು ವರ್ಷ ಆದ್ಮೇಲೆ ಆ ಯಮ್ಮನ್ನ ಕೇಳಿದ್ರಂತಾ?"

ತಾತನ ಮುಖ ಕೆಂಪಗಾಯಿತು. ಗುರಪ್ಪನವರನ್ನು ಬೈಯುವ ಹಾಗಿಲ್ಲ, ಪುಸ್ತಕವನ್ನು ಬೈಯುವ ಹಾಗಿಲ್ಲ. ಉಳಿದವಳು ನಾನು.

"ನಿಂಗೆ ಇದನ್ನ ಓದು ಅಂತ ಯಾರಮ್ಮಿ ಹೇಳಿದ್ದು? ಯುದ್ಧ ಓದು ಅಂದ್ರೆ ಯುದ್ಧ ಓದು."

"ಇದೂ ಯುದ್ಧವೇ ತಾತ. ಕೊಟ್ಟಿಗೆವ್ವನ ಎಲೆ ಈ ಸಲ ನಡುಮನೆಗೆ ಬರ್ಬೇಕು. ಉಪ್ಪೂ ಹಾಕ್ಬೇಕು. ಅಲ್ಲೀವರೆಗೂ ನಾನು ಒಂದಕ್ಷರ ಓದಲ್ಲ."

ಹೇಳಿದವಳೇ ಪುಸ್ತಕ ಮುಚ್ಚಿ ಅವನ ತೊಡೆಯ ಮೇಲಿಟ್ಟೆ. ಅಯ್ಯೋ ಶಿವನೇ, ಎಂದಳು ಅವ್ವ. ತಾತ ಗುಡುಗಿದ.

"ಓದಲ್ವಾ? ಓದ್ಬೇಡ. ಇಲ್ಲೂ ಓದ್ಬೇಡ, ಸ್ಕೂಲಲ್ಲೂ ಓದ್ಬೇಡ. ನಾಳೆಯಿಂದ ಸೊಪ್ಪು ಕಟ್ಕೊಂಡು ಮನೇಲಿ ಬಿದ್ದಿರು. ಓದು ಕಲಿಸಿ ನಾನೇ ತಲೆ ಮೇಲೆ ಕೂರಿಸ್ಕೊಂಡೆ."

ತಾತ ಸುಮ್ಮನೆ ಬೆದರಿಸುವವನಲ್ಲ. ಮರುದಿನ ನನ್ನ ಬ್ಯಾಗನ್ನು ಅಟ್ಟದ ಮೇಲೆ ಹಾಕಿಸಿದ. ಅಪ್ಪ ಬ್ಯಾರನ್ನಿನಿಂದ ಉಣ್ಣಲು ಬಂದವನು ನನ್ನ ಮುಖ ನೋಡಿದ, ತಾತನ ಮುಖ ನೋಡಿದ, ಉಂಡು ಹೋದ. ಅಪ್ಪ ಹಾಗೇ. ನಾನು ಸೊಪ್ಪು ಕಟ್ಟುತ್ತಾ ಕೂತೆ. ಸ್ಕೂಲಿಗೆ ಹೋಗುವ ಹುಡುಗಿಯರು ಬೀದಿಯಲ್ಲಿ, ಲೇ ರತ್ನೀ ಬಾರೇ ಎಂದು ಕೂಗಿದರೆ ಅಳು ಬರುತ್ತಿತ್ತು. ಅತ್ತೆನೇ ಹೊರತು ಬಗ್ಗಲಿಲ್ಲ. ಇಳಿಹೊತ್ತಿಗೆ ತಾತ ಪುಸ್ತಕ ಮುಂದಿಟ್ಟುಕೊಂಡು ಚಿಕ್ಕಪ್ಪನಿಂದ ಓದಿಸಿದ. ಚಿಕ್ಕಪ್ಪ ಒಂದು ಸಾಲು ಓದಿ ಎರಡು ಸಾಲು ಎಗರಿಸುತ್ತಿದ್ದ, ಸತ್ತವನು ಮುಂದಿನ ಪುಟದಲ್ಲಿ ಎದ್ದು ಯುದ್ಧ ಮಾಡುತ್ತಿದ್ದ. ಜನ ಬರುವುದನ್ನು ನಿಲ್ಲಿಸಿದರು. ಗುರಪ್ಪನವರು ಮಾತ್ರ ಬರುತ್ತಿದ್ದರು. ಬಂದು, ಸುಮ್ಮನೆ ಕೂತು, ಹೋಗುವಾಗ, ಆ ಮಾತಿಗೆ ಉತ್ತರ ಸಿಕ್ತಾ ಗೌಡ್ರೇ ಎಂದು ಕೇಳಿ ಹೋಗುತ್ತಿದ್ದರು. ತುಂಟ ಮುದುಕ.

ಅಮಾವಾಸ್ಯೆಗೆ ಇನ್ನೇನು ಒಂದೆರಡು ದಿನ ಇರುವಾಗ, ಯಾರೂ ಇಲ್ಲದ ಹೊತ್ತು ನೋಡಿ ತಾತ ನನ್ನನ್ನು ಕರೆದ. ಪುಸ್ತಕ ತೊಡೆಯ ಮೇಲೇ ಇತ್ತು.

"ಆ ಒಂದು ಮಾತು ಇನ್ನೊಂದ್ಸಲ ಓದು."

"ಎಲೆ ಒಳಕ್ಕೆ?"

"ಓದಮ್ಮಿ ಮೊದಲು."

ಓದಿದೆ. ಇನ್ನೊಂದು ಸಲ ಎಂದ. ಮತ್ತೆ ಓದಿದೆ. ಕಾಣದ ಕಣ್ಣನ್ನು ತೊಟ್ಟಿಯ ಬೆಳಕಿನ ಕಡೆಗೆ ತಿರುಗಿಸಿದ. ನಮ್ಮ ತಾತನ ಮೇಲೆ ನನಗೆ ಸಾವಿರ ಸಿಟ್ಟಿದೆ, ಆದರೆ ಇದೊಂದು ಹೇಳಲೇಬೇಕು. ಪುಸ್ತಕ ತನ್ನ ಪರವಾಗಿ ಮಾತಾಡಿದಾಗ ನಂಬಿ, ತಿರುಗಿ ಬಿದ್ದಾಗ ಬೇರೆ ಪುಸ್ತಕ ಹುಡುಕುವವನಲ್ಲ ಅವನು. ನಾನು ಆಮೇಲೆ ಬೇಕಾದಷ್ಟು ಓದಿದ ಜನರನ್ನು ನೋಡಿದ್ದೇನೆ. ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿಕೊಂಡೇ ಆಯುಷ್ಯ ಕಳೆದವಳು ನಾನು. ಇಂಥ ರಾಜ ಇಂಥ ಊರನ್ನು ಗೆದ್ದು ಅಪಾರ ಸಂಪತ್ತಿನೊಂದಿಗೆ ಹಿಂದಿರುಗಿದನು ಎಂದು ಪಾಠದಲ್ಲಿ ಬಂದರೆ, ಯಾರ ಸಂಪತ್ತು, ಯಾರ ಮನೆಯದು, ಅವರ ಮನೆಯಲ್ಲಿ ಅವತ್ತು ಅಡುಗೆಗೆ ಪಾತ್ರೆ ಉಳಿದಿತ್ತಾ, ಕೇಳಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಮೇಡಂ, ಸಿಲಬಸ್ಸಿನಲ್ಲಿ ಇಲ್ಲದ್ದು ಯಾಕೆ ಎಂದು ಇನ್ಸ್‌ಪೆಕ್ಷನ್ನಿಗೆ ಬಂದವರು ಕೇಳಿದರು. ಸಿಲಬಸ್ಸು ಬರೆದವರ ಮನೆ ಕೊಳ್ಳೆ ಹೋಗಿಲ್ಲವಲ್ಲ ಸಾರ್, ಅದಕ್ಕೆ ಎಂದೆ. ಅವತ್ತು ತಾತ ತೊಡೆಯ ಮೇಲಿನ ಪುಸ್ತಕ ಮುಚ್ಚಿದ. ಅಡುಗೆಮನೆಯ ಕಡೆ ಮುಖ ಮಾಡಿ, ಮನೆಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದ:

"ಕೊಟ್ಟಿಗೆವ್ವನ ಎಲೆ ಈ ಸಲ ಒಳಕ್ಕೆ ಬತ್ತದೆ. ಸಾಲಿನ ಮೊದಲನೇ ಎಲೆ. ಉಪ್ಪು ಹಾಕಿ. ಆ ಅಮ್ಮಿ ಬ್ಯಾಗು ಅಟ್ಟದಿಂದ ಇಳಿಸಿ ಕೊಡಿ."

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಗೆದ್ದೆ ಎಂದು ಊರೆಲ್ಲ ಸುತ್ತಿ ಬಂದೆ. ಅಜ್ಜಿ ಮಾತ್ರ ಏನೂ ಹೇಳದೆ ರಾಗಿ ಕೇರುತ್ತಾ ಇದ್ದಳು. ಅವಳು ಯಾವಾಗಲೂ ಏನಾದರೂ ಹೇಳುವವಳು, ಅವತ್ತು ಹೇಳಲಿಲ್ಲ. ನಾನೂ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಅಮಾವಾಸ್ಯೆಯ ದಿನ ಬೆಳಗಿನಿಂದ ಮನೆ ತುಂಬ ಮಸಾಲೆಯ ಘಮ. ಒಂದು ಕಡೆ ಬಾಡು ಬೇಯುತ್ತಿತ್ತು, ಇನ್ನೊಂದು ಕಡೆ ಅವ್ವ ಕಜ್ಜಾಯ ತಟ್ಟಿ ಎಣ್ಣೆಗೆ ಬಿಡುತ್ತಿದ್ದಳು. ನೆಂಟರು ಬಂದಿದ್ದರು. ನಡುಮನೆಯಲ್ಲಿ ತಾತ ತಾನೇ ನಿಂತು, ಕೈಯಿಂದ ತಡವಿ ತಡವಿ, ಸಾಲಿನ ಮೊದಲಿಗೆ ಒಂದು ಎಲೆಯ ಜಾಗ ಬಿಡಿಸಿದ. ಅದರ ಮುಂದೆ ಒಂದು ಹೊಸ ಸೀರೆ, ಹಸಿರು, ಕೆಂಪಂಚಿನದು. ಅದನ್ನು ಅವನೇ ಹೇಳಿ ತರಿಸಿದ್ದ. ನನಗೆ ಕಣ್ಣು ತುಂಬಿತು. ಹೋಗಮ್ಮಿ, ಎಲೆ ತತ್ತಾ ಎಂದ. ನಾನು ಅಡುಗೆಮನೆಯಿಂದ ಒಂದು ಹಿಡಿ ಕಲ್ಲುಪ್ಪು ಮುಷ್ಟಿಯಲ್ಲಿ ಹಿಡಿದುಕೊಂಡು ಹಿಂಬಾಗಿಲು ದಾಟಿ ಕೊಟ್ಟಿಗೆಗೆ ಹೋದೆ. ಅಜ್ಜಿ ಅಲ್ಲೇ ಇದ್ದಳು. ಎಂದಿನ ಹಾಗೆ ಗೊಂತಿನ ಪಕ್ಕ ನೆಲ ಸಾರಿಸಿ, ಎಲೆ ಹಾಕಿ, ಉಪ್ಪಿಲ್ಲದ ಅಡುಗೆಯನ್ನೇ ಬಡಿಸಿದ್ದಳು.

"ಅಜ್ಜಿ, ಇಲ್ಲಲ್ಲ! ಒಳಗೆ. ತಾತ ಜಾಗ ಬಿಡಿಸವ್ನೆ," ಎಂದು ಎಲೆ ಎತ್ತಲು ಬಗ್ಗಿದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಯಾರೇ ಕರ್ದೋರು ಅವಳ್ನ?"

"ತಾತ. ನಾನು."

"ಅವಳು ಬತ್ತೀನಿ ಅಂದ್ಲಾ?"

ಅಜ್ಜಿ ಹಿಂಬಾಗಿಲು ಮುಂದಕ್ಕೆ ಎಳೆದು ಬಂದಳು.

"ಕೇಳು. ಇದನ್ನ ಮನೇಲಿ ಹುಟ್ಟಿದ ಹೆಣ್ಮಕ್ಕಳಿಗೆ ಹೇಳೋದಲ್ಲ. ನಾನು ಸೊಸೆಯಾಗಿ ಬಂದ ವರ್ಷ ನಮ್ಮತ್ತೆ ಇಲ್ಲೇ ನಿಲ್ಲಿಸ್ಕೊಂಡು ಹೇಳಿದ್ರು. ಅವ್ರಿಗೆ ಅವ್ರತ್ತೆ. ನಿಮ್ಮವ್ವಂಗೆ ನಾನು ಹೇಳಿದ್ದೀನಿ. ಬ್ಯಾರೆ ಮನೆಯಿಂದ ಬಂದೋರು ಬ್ಯಾರೆ ಮನೆಯಿಂದ ಬಂದೋರ್ಗೇ ಹೇಳ್ಬೇಕು. ನೀನು ಬಾಯಿ ಹಾಕಿದ್ದೀಯ, ಅದ್ಕೇ ಹೇಳ್ತಾ ಇವ್ನಿ. ಅವಳ ಎಲೆಗೆ ಉಪ್ಪಿಲ್ಲ ಯಾಕೆ?"

"ನಮ್ಮನೆ ಉಪ್ಪಿನ ಋಣ ಅವಳಿಗಿಲ್ಲ ಅಂತ."

"ಅದು ಗಂಡಸರು ಹೇಳ್ಕೊಂಡು ತಿರುಗೋದು. ಕೊಡ್ದೇ ಇದ್ದಿದ್ದಲ್ಲ ಕಣೆ, ಅವಳು ಮುಟ್ಟಲಿಲ್ಲ. ಹಾಲು ಕರುದ್ಲು, ನಾಟಿ ಹಾಕಿದ್ಲು, ಹೆತ್ತು ಕೊಟ್ಲು. ಆದ್ರೆ ಈ ಮನೆ ಉಪ್ಪು ಮಾತ್ರ ಬಾಯಿಗೆ ಹಾಕ್ಲಿಲ್ಲ. ಸಪ್ಪೆ ಗಂಜಿ ಕುಡ್ಕೊಂಡೇ ಮುದುಕಿ ಆದ್ಲು. ಆ ನಿಮ್ಮ ಹಿರೀಕ ಮೊದಮೊದಲು ಹೊಡುದ್ನಂತೆ. ವಯಸ್ಸಾದ್ಮೇಲೆ ಕೈ ಮುಗ್ದನಂತೆ, ಒಂದು ಕಲ್ಲು ಉಪ್ಪು ಬಾಯಿಗೆ ಹಾಕ್ಕೊ, ನಡುಮನೆಗೆ ಬಾ ಅಂತ. ಅದ್ಕೆ ಏನಂದ್ಲು ಗೊತ್ತಾ? ಉಪ್ಪು ತಿಂದ್ರೆ ನಾನು ಈ ಮನೆಯೋಳು ಆಯ್ತೀನಿ. ನಾನು ಬಂದೋಳಲ್ಲ, ನೀನು ತಂದಿರೋಳು ಅಂದ್ಲಂತೆ. ಸಾಯೋವಾಗ್ಲೂ ಕೊಟ್ಟಿಗೇಲೇ ಸತ್ಲು. ಮೊದಲ್ನೇ ದಿನ ಕಟ್ಟಿದ್ದು ಬಿಟ್ರೆ ಅವಳನ್ನ ಯಾರೂ ಇಲ್ಲಿಗೆ ತಳ್ಳಿಲ್ಲ ಕಣಮ್ಮಿ. ಒಳಕ್ಕೆ ಬರಲ್ಲ ಅಂತ ಅವಳೇ ಕೂತವ್ಳೆ."

ನನಗೆ ಮೊದಲು ಬಂದದ್ದು ಸಿಟ್ಟು. ಸ್ಕೂಲು ಬಿಟ್ಟು ಕೂತಾಗ ಒಂದು ಮಾತು ಹೇಳಬಾರದಾಗಿತ್ತೇ ಈ ಮುದುಕಿ, ಎಂದು. ಆ ಸಿಟ್ಟು ಒಂದು ಗಳಿಗೆಯೂ ನಿಲ್ಲಲಿಲ್ಲ. ಆಮೇಲೆ ಬಂದದ್ದಕ್ಕೆ ಏನು ಹೆಸರಿಡಲಿ? ಪಾಪದವಳು, ದನದ ಹಾಗೆ ಕಟ್ಟಿಹಾಕಿಸಿಕೊಂಡವಳು ಎಂದು ಇಷ್ಟು ದಿನ ಯಾರಿಗಾಗಿ ಮರುಗಿದ್ದೆನೋ ಅವಳು ನಮ್ಮ ಮನೆಯ ಯಾವ ಈಟಿಗೂ ಬಗ್ಗದವಳು! ಗೆದ್ದವನು ಸೀರೆ ತಂದಿಟ್ಟು, ಸಾಲಿನ ಮೊದಲ ಎಲೆ ಕೊಟ್ಟು, ಬಾ ತಾಯಿ ಎಂದರೆ, ಅದು ಮತ್ತೊಂದು ಸಲ ಹಿಡಿದು ತಂದ ಹಾಗೇ ತಾನೆ? ಮುಷ್ಟಿಯೊಳಗಿನ ಉಪ್ಪು ಬೆವರಿಗೆ ನೀರಾಗುತ್ತಿತ್ತು. ಕಂದು ಹಸುವಿನ ಮುಂದೆ ಹಿಡಿದೆ, ಅದು ಒರಟು ನಾಲಿಗೆಯಲ್ಲಿ ಅಂಗೈ ನೆಕ್ಕಿ ಚೊಕ್ಕ ಮಾಡಿತು. ಅಜ್ಜಿ ನನ್ನನ್ನೇ ನೋಡುತ್ತಿದ್ದಳು.

"ಈಗ ಹೋಗಿ ತಾತಂಗೆ ಏನ್ ಹೇಳ್ತೀಯ?"

"ಹೇಳ್ತೀನಿ ಬುಡು," ಎಂದೆ.

ಬರಿಗೈಯಲ್ಲಿ ನಡುಮನೆಗೆ ಹೋದೆ. ಧೂಪದ ಹೊಗೆಯಲ್ಲಿ ಎಲ್ಲರೂ ನಿಂತಿದ್ದರು. ಬೇರೆ ಎಲೆಗಳೆಲ್ಲ ತುಂಬಿದ್ದವು, ಮೊದಲಿನ ಜಾಗ ಖಾಲಿ. ತಾತ ಹೆಜ್ಜೆಯ ಸದ್ದಿಗೇ ತಿರುಗಿದ.

"ಎಲ್ಲಮ್ಮಿ ಎಲೆ?"

"ತರ್ಲಿಲ್ಲ. ಅವಳು ಬರಲ್ಲ ತಾತ."

ಚಿಕ್ಕಪ್ಪ ಮುಂದೆ ಬಂದ.

"ಇವಳ ಆಟ ಅತಿಯಾಯ್ತು ಕಣಪ್ಪ. ತಾ ಅಂತ ಇವಳೇ ಹಟ ಮಾಡೋದು, ಬರಲ್ಲ ಅಂತ ಇವಳೇ ಹೇಳೋದು. ನೆಂಟರ ಮುಂದೆ ಮರ್ಯಾದೆ ತೆಗೀತವ್ಳೆ. ಎರಡು ಬಿಗೀರಿ ಅವಳಿಗೆ."

ತಾತ ಕೈ ಎತ್ತಿ ಅವನನ್ನು ಸುಮ್ಮನಿರಿಸಿದ.

"ನಾನು ಸೋತು ಕರೀತಾ ಇವ್ನಿ. ಸೀರೆ ಇಟ್ಟಿವ್ನಿ. ಆದ್ರೂ ಬರಲ್ವಾ? ಹಂಗಂತ ನಿಂಗೆ ಯಾರು ಹೇಳಿದ್ರು?"

ಅಜ್ಜಿಯ ಹೆಸರು ಹೇಳುವವಳಲ್ಲ ನಾನು. ಹೊಡೆದರೂ ಹೇಳುತ್ತಿರಲಿಲ್ಲ. ತಾತನ ಎದುರಿಗೇ ಹೋಗಿ ನಿಂತುಕೊಂಡೆ.

"ನೀನು ಕೇಳಿದ್ಯಾ ತಾತ? ನಿನ್ನ ಪುಸ್ತಕದಲ್ಲಿ ಕರ್ಕೊಂಡು ಬನ್ನಿ ಅಂತ ಇಲ್ಲ. ಕೇಳ್ಬೇಕು ಅಂತ ಅದೆ. ತಂದ ವರ್ಷ ಆ ಹಿರೀಕ ಕೇಳ್ಲಿಲ್ಲ, ಆಮೇಲೆ ಬಂದೋರು ಒಬ್ರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಈಗ ನೀನು ಹೋಗಿ ಕೇಳು. ಬತ್ತೀನಿ ಅಂದ್ರೆ ನಾನೇ ತಲೆ ಮೇಲೆ ಹೊತ್ಕೊಂಡು ಬತ್ತೀನಿ."

ಬಾಡಿನ ಸಾರು ಆರುತ್ತಿತ್ತು. ಎಡೆ ಆರಿದರೆ ಹಿರಿಯರು ಮುನಿಯುತ್ತಾರೆ ಎಂದು ನೆಂಟರಲ್ಲಿ ಯಾರೋ ಗೊಣಗಿದರು. ತಾತ ಹೆಗಲ ಮೇಲಿನ ಟವೆಲ್ಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಗೋಡೆ ಹಿಡಿದುಕೊಂಡು ಹೊರಟ. ಅಪ್ಪ ಕೈ ಹಿಡಿಯಲು ಹೋದರೆ ಕೊಡವಿದ. ಪಡಸಾಲೆ ದಾಟಿ, ಅಡುಗೆಮನೆಯೊಳಗೆ ಹೆಂಗಸರು ಬಿಟ್ಟುಕೊಟ್ಟ ದಾರಿಯಲ್ಲಿ ನಡೆದು, ಹಿಂಬಾಗಿಲ ಹತ್ತಿರ ಬಂದು ನಿಂತ. ಆ ದಿನ ಗಂಡಸರು ಆ ಹೊಸ್ತಿಲು ದಾಟಿದ್ದು ನಾನು ಕಾಣೆ, ಅವನೂ ಕಂಡಿರಲಾರ. ದಾಟಿದ. ಅಜ್ಜಿ ಪಕ್ಕಕ್ಕೆ ಸರಿದಳು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ನನ್ನ ಹಿಂದೆ ನಿಂತಳು.

ತಾತ ಕಾಲಿನಿಂದ ನೆಲ ತಡವಿ, ಎಲೆಯ ಅಂಚು ತಗುಲಿದ ತಕ್ಷಣ ಹಿಂದಕ್ಕೆ ಸರಿದು, ಗಂಜಲದ ನೆಲದ ಮೇಲೇ ಮಂಡಿಯೂರಿದ. ಅಷ್ಟು ದೊಡ್ಡ ಆಳು ಅಲ್ಲಿ ಕೂತದ್ದನ್ನು ನೋಡಲು ನನಗೆ ಕಷ್ಟವಾಯಿತು. ಆದರೂ ಕಣ್ಣು ತೆಗೆಯಲಿಲ್ಲ. ನೋಡಲೇಬೇಕಾದದ್ದು ಅದು.

"ತಾಯೀ," ಎಂದ. ಆ ಮಾತು ಅವನ ಬಾಯಿಗೆ ಒಗ್ಗಿರಲಿಲ್ಲ. ಮತ್ತೊಮ್ಮೆ ಕರೆದು ಕೇಳಿದ. "ತಾಯೀ, ಯಾರೂ ಕೇಳ್ನಿಲ್ಲ ನಿನ್ನ. ನಾನು ಕೇಳ್ತಾ ಇವ್ನಿ. ಒಳಕ್ಕೆ ಬತ್ತೀಯಾ?"

ಕಂದು ಹಸು ಬಾಲ ಬೀಸಿತು. ಸೂರಿನಲ್ಲಿ ಗುಬ್ಬಿಗಳು ಚಿಲಿಪಿಲಿ ಎನ್ನುತ್ತಿದ್ದವು. ತಾತ ಕಾಯುತ್ತಲೇ ಇದ್ದ. ತಲೆ ಒಂದು ಕಡೆಗೆ ವಾಲಿಸಿ, ನಾನು ಓದುವಾಗ ಹೇಗೆ ಕಿವಿ ಕೊಡುತ್ತಿದ್ದನೋ ಹಾಗೆ. ಬಾಯಿಬಿಟ್ಟು ಇನ್ನೊಂದು ಸಲ ಕೇಳುತ್ತಾನೆ, ಬೇಡಿಕೊಳ್ಳುತ್ತಾನೆ ಎಂದುಕೊಂಡೆ. ಇಲ್ಲ. ಒಂದೇ ಸಲ ಕೇಳಿದ. ಆಮೇಲೆ ಗೊಂತು ಹಿಡಿದುಕೊಂಡು ಎದ್ದು, ಪಂಚೆಗೆ ಮೆತ್ತಿದ್ದ ಸಗಣಿಯನ್ನೂ ಒರೆಸಿಕೊಳ್ಳದೆ, ಬಂದ ದಾರಿಯಲ್ಲೇ ವಾಪಸು ನಡೆದ. ನಾವೆಲ್ಲ ಹಿಂದೆ ಹೋದೆವು. ನಡುಮನೆಯ ಬಾಗಿಲಲ್ಲಿ ನಿಂತು, ಒಳಗಿನ ಎಲೆಗಳ ಸಾಲಿನ ಕಡೆ, ತನ್ನ ಅಪ್ಪ, ತಾತ, ಮುತ್ತಾತ, ಅವರಾಚೆಗೆ ಈಟಿ ಹಿಡಿದು ಹೋಗಿ ಬಂದವನು, ಎಲ್ಲರೂ ಉಣ್ಣಲು ಬಂದು ಕೂತಿದ್ದಾರೆ ಎಂದು ನಾವು ನಂಬಿದ ಆ ಕತ್ತಲೆಯ ಕಡೆ ಮುಖ ಮಾಡಿದ. ದೊಡ್ಡ ದನಿಯಲ್ಲಿ ಹೇಳಿದ:

"ಬರಲ್ವಂತೆ ಕಣ್ರಪ್ಪಾ. ಕಾಯ್ಬೇಡಿ. ನೀವು ಉಣ್ಣಿ."